ಕನ್ನಡ ಶಾಲೆ ಬೂತಿನ ಸೊನ್ನೆ

ಭದ್ರಾವತಿ
ಮೇ 14, ಬುಧವಾರ

ಮಾಬು,

ಹೆಂಗಿದೀಯ ಮಾರಾಯ? ಶಮ್ಸುನ್ನೀಸಾ ಅತ್ತಿಗೆ ಮಂಡಿನೋವು ಹೆಂಗಿದೆ? ಕಾಗದ ಬರೆಯೋದು ತಡ ಆಯ್ತು, ತಪ್ಪು ನಂದೇ. ಹದಿನೈದು ದಿನ ಫೋನ್ ಮಾಡಿದೆ, ನೀನು ಎತ್ಲಿಲ್ಲ. ಒಂದ್ಸಲ ನಿನ್ನ ಮಗಳು ಅತೀಕಾ ಎತ್ತಿ, "ಅಬ್ಬಾ ಶಿವಮೊಗ್ಗಕ್ಕೆ ನಮ್ಮನೆಗೆ ಬಂದಮೇಲೆ ಯಾರ ಹತ್ರಾನೂ ಮಾತಾಡಲ್ಲ ಚಿಕ್ಕಪ್ಪ, ಇಲ್ಲಿ ಹೊಸಮನೆ ಬೀದೀಲಿ ಒಬ್ರೇ ತಿರುಗ್ತಿರ್ತಾರೆ" ಅಂದ್ಲು. ಅದಕ್ಕೇ ಪೆನ್ನು ಹಿಡಿದೆ. ಐದನೇ ಕ್ಲಾಸಿನ ಅಕ್ಷರ, ಕೋಳಿ ಕೆರೆದಂಗಿದ್ರೆ ಕೋಳೀನ ಬೈಬೇಡ.

ನಿನ್ನ ಮೋಟರ್ ಶೆಡ್ಡು ಬಾಗಿಲು ಹಾಕೇ ಇದೆ. ಬಾಗಿಲಿಗೆ ಅಂಟಿಸಿದ ಎಲೆಕ್ಷನ್ ಪೋಸ್ಟರು ಅರ್ಧ ಹಸು ತಿಂತು. ಹೊಲಿಗೆ ಮಷೀನು ಉಳಿದಿದೆ, ನಿನ್ನ ಮುಖ ಹೋಗಿದೆ. ಆಟೋದಲ್ಲಿ ಮೈಕ್ ಹಿಡ್ಕೊಂಡು ನಾನು ಎಷ್ಟು ಕೂಗಿದೆ! "ಮೋಟರ್ ರಿಪೇರಿಯೋನಿಗೆ ಹೊಲಿಗೆ ಮಷೀನಿನ ಗುರುತು ಯಾಕೆ ಕೊಟ್ರು ಗೊತ್ತೇನ್ರೀ? ನಮ್ಮ ವಾರ್ಡು ಅಷ್ಟು ಹರಿದುಹೋಗಿದೆ!" ಜನ ಬಿದ್ದು ಬಿದ್ದು ನಕ್ರು. ನಕ್ಕೋರೆಲ್ಲ ವೋಟು ಹಾಕ್ತಾರೆ ಅಂದ್ಕೊಂಡೆ ನೋಡು.

ರಿಸಲ್ಟ್ ದಿನ ಸಂಜೆ ನೀನು ನಮ್ಮ ಜಗುಲಿ ಮೇಲೆ ಕೂತಿದ್ದೆ. ನೀನು ಸೋತಿದ್ದು ಕೇಳಿ ಬೀದಿಯೋರು ಒಬ್ಬೊಬ್ರೇ ಬಂದ್ರು. ಜಯಶೀಲಾ ಟೀಚರ್ರು, "ನಂದು ನಿಮಗೇ ಮಾಬಣ್ಣ, ಮಿಕ್ಕೋರದ್ದು ಗೊತ್ತಿಲ್ಲ" ಅಂದ್ರು. ಹಾಲಿನ ಯುವರಾಜ್ ಅವರಮ್ಮನ ಮೇಲೆ ಆಣೆ ಇಟ್ಟ. ನಮ್ಮ ಸುಭದ್ರೆ ಕಾಫಿ ತಂದಿಟ್ಟು, "ನಮ್ಮನೇದು ಎರಡೂ ನಿಮಗೇ ಅಣ್ಣಾ" ಅಂದ್ಲು. ನಾನು ತಲೆ ಆಡಿಸ್ದೆ.

ಅಷ್ಟರಲ್ಲಿ ನಿನ್ನ ಏಜೆಂಟ್ ದುಶ್ಯಂತ್ ಬೂತಿನ ಲೆಕ್ಕದ ಚೀಟಿ ಹಿಡ್ಕೊಂಡು ಬಂದ. "ಉರ್ದು ಶಾಲೆ ಬೂತು, ಅರವತ್ತೊಂದು. ಕನ್ನಡ ಶಾಲೆ ಬೂತು..." ಅಂತ ನಿಲ್ಲಿಸ್ದ.

"ಓದೋ" ಅಂದೆ ನಾನು.

"ಸೊನ್ನೆ ಅಣ್ಣಾ."

ನಿಮ್ಮನೆ ವೋಟು ಉರ್ದು ಶಾಲೇಲಿ. ನಮ್ಮ ಬೀದಿ ಪೂರ್ತಿ ಕನ್ನಡ ಶಾಲೇಲಿ. ಒಂದೇ ಒಂದು ಬಿದ್ದಿದ್ರೂ ಎಲ್ಲರೂ ಆ ಒಂದರ ಹಿಂದೆ ಬಚ್ಚಿಟ್ಕೋಬಹುದಿತ್ತು ಮಾಬು. ಜಯಶೀಲಾ ಟೀಚರ್ರಿಗೆ ಒಲೆ ಮೇಲಿಟ್ಟ ಹಾಲು ನೆನಪಾಯ್ತು. ಯುವರಾಜನಿಗೆ ಎಮ್ಮೆ ನೆನಪಾಯ್ತು. ಸುಭದ್ರೆ ಒಳಗೆ ಹೋಗಿ ಅಕ್ಕಿ ತೊಳೆದ್ಲು, ತೊಳೆದ್ಲು, ತೊಳೀತಾನೇ ಇದ್ಲು.

ನೀನು ಯಾರನ್ನೂ ಬೈಲಿಲ್ಲ. ಚಪ್ಪಲಿ ಮೆಟ್ಕೊಂಡು, "ಚಂದ್ರು, ನಿನ್ನ ಬೆರಳು ದಪ್ಪ ಕಣೋ, ಪಕ್ಕದ ಗುಂಡಿ ಒತ್ತಿಬಿಟ್ಟಿರ್ತೀಯ ಬಿಡು" ಅಂದೆ. ಇಷ್ಟು ವರ್ಷ ನಾನು ತಮಾಷೆ ಮಾಡಿದೀನಿ, ಅಂಥದ್ದೊಂದು ನನ್ನ ಬಾಯಿಂದ ಬಂದಿಲ್ಲ.

ಮನೇಲಿ ಆವತ್ತಿಂದ ನಾನು ಸುಭದ್ರೆ ಅದರ ಬಗ್ಗೆ ಮಾತೆತ್ತಿಲ್ಲ. ನಾನು ಹಾಕಿಲ್ಲ ಅಂತ ಅವಳಿಗೆ ಗೊತ್ತು, ಅವಳು ಹಾಕಿಲ್ಲ ಅಂತ ನಂಗೊತ್ತು. ಉಪ್ಪು ಜಾಸ್ತಿ ಆಗಿದೆ ಅನ್ನೋಕೂ ಬಾಯಿಲ್ಲ.

ಯೋಚನೆ ಮಾಡ್ತೀನಿ ಮಾಬು. ಮಿಕ್ಸಿ ತಗೋಬೇಕಾದ್ರೆ ಮೂರು ಅಂಗಡಿ ತಿರುಗ್ತೀವಿ, ಹಾಕಿ ತೋರ್ಸಿ ಅಂತೀವಿ. ವೋಟು ಹಾಕೋವಾಗ ಮಾತ್ರ ಯಾರು ಗೆಲ್ತಾರೆ ಅಂತ ಒಂದೇ ಕೇಳ್ತೀವಿ. ಹಬ್ಬದ ದಿನ ನಮಾಜು ಮುಗಿಸ್ಕೊಂಡು ಹೊಸ ಬಟ್ಟೇಲೇ ಬಂದು ನಮ್ಮ ಬೀದಿ ಬೋರಿನ ಮೋಟರ್ ಎತ್ತಿದೋನು ನೀನು. ಗೆದ್ದೋನು ಇನ್ನೂ ಬೀದಿಗೆ ಕಾಲಿಟ್ಟಿಲ್ಲ. ನಲ್ಲಿ ನೀರು ಮೋರಿ ವಾಸನೆ ಬರ್ತಿದೆ ಅಂತ ತಾನೇ ನೀನು ನಿಂತಿದ್ದು? ಈಗಲೂ ಬರ್ತಿದೆ. ಮೂಗು ಮುಚ್ಕೊಂಡು ಕುಡೀತಿದೀವಿ.

ನಾನೂ ಹಾಕ್ಲಿಲ್ಲ ಮಾರಾಯ. ನೀನು ಹೆಂಗಿದ್ರೂ ಗೆಲ್ಲಲ್ಲ, ವೋಟು ಯಾಕೆ ವೇಸ್ಟ್ ಮಾಡೋದು ಅಂದ್ಕೊಂಡೆ. ಬೈಯೋಕಾದ್ರೂ ಒಂದ್ಸಲ ಫೋನ್ ಎತ್ತು.

ಅತ್ತಿಗೆಗೆ ನಮಸ್ಕಾರ, ಅತೀಕಾಗೆ ಆಶೀರ್ವಾದ. ನಿನ್ನ ದೇವರು ಹಗಲು ಪಾಳಿ, ನನ್ನ ದೇವರು ರಾತ್ರಿ ಪಾಳಿ, ಇಬ್ರೂ ಸೇರಿ ನಿನ್ನ ಕಾಯ್ಲಿ.

ನಿನ್ನ
ಚಂದ್ರಶೇಖರಪ್ಪ, ಮೈಕ್ ಚಂದ್ರು

ತಾ.ಕ.: ವೇಸ್ಟ್ ಅಂತ ಬರೆದೆನಲ್ಲ, ಅದು ಸುಳ್ಳು. ಬೆರಳು ನಿನ್ನ ಹೊಲಿಗೆ ಮಷೀನಿನ ಹತ್ರಕ್ಕೇ ಹೋಗಿತ್ತು. ಅದರ ಪಕ್ಕದಲ್ಲಿ ನಿನ್ನ ಹೆಸರು ಮೆಹಬೂಬ್ ಸಾಬ್ ಅಂತ ಇತ್ತು. ಪೋಸ್ಟರಲ್ಲೂ ನಾವು ಮಾಬಣ್ಣ ಅಂತಲೇ ಹಾಕ್ಸಿದ್ವಿ. ಮೂವತ್ತು ವರ್ಷದಲ್ಲಿ ನಿನ್ನ ಪೂರ್ತಿ ಹೆಸರು ಓದಿದ್ದು ಅದೇ ಮೊದಲು. ನಮ್ಮೋರನ್ನ ಬಿಟ್ಟು ಇವರಿಗ್ಯಾಕೆ ಅಂತ ತಲೇಲಿ ಬಂತು. ಯಾರೂ ಹೇಳಿಕೊಟ್ಟಿದ್ದಲ್ಲ, ಪಕ್ಕದಲ್ಲಿ ಯಾರೂ ಇರ್ಲಿಲ್ಲ. ನನ್ನ ಬೆರಳು ದಪ್ಪ ಇಲ್ಲ ಮಾಬು. ನೋಡಿಕೊಂಡೇ ಒತ್ತಿದ್ದು.