ಬೆಲ್ಲದ ಸಭೆಯ ಊರಿನಿಂದ ಗುರುಶಾಂತಜ್ಜನಿಗೆ

ಮುತ್ತಲಕಟ್ಟಿ, ಇಸವಿ 2219, ಶ್ರಾವಣ ಸೋಮವಾರ, ಹೊತ್ತು ಇಳಿಯುವ ಮುಂಚೆ

ಮುತ್ತಲಕಟ್ಟಿ ಪಟ್ಟಣ ಪಂಚಾಯಿತಿಯ ಅಧ್ಯಕ್ಷರಾದ ಗುರುಶಾಂತಪ್ಪನವರಿಗೆ, ನಿಮ್ಮ ಮರಿಮಗನ ಮರಿಮಗಳು ಕಾಶವ್ವ ಮಾಡುವ ನಮಸ್ಕಾರ.

ನೀವಿನ್ನೂ ಅಜ್ಜನಾಗಿಲ್ಲ, ತಲೆಗೂದಲೂ ನರೆತಿಲ್ಲ ಎಂದು ಗೊತ್ತು. ಆದರೂ ನನಗೆ ನೀವು ಅಜ್ಜನೇ. ತಾರೀಖು ನೋಡಿ ಯಾರದೋ ಹುಡುಗಾಟವೆಂದು ಹರಿದು ಹಾಕಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ, ಇಷ್ಟು ಕಾಲದಲ್ಲಿ ಮಾತೂ ಸವೆಯುತ್ತದೆ. ಇದನ್ನು ನಮ್ಮಲ್ಲಿ ಹಿನ್ನೋಲೆ ಅನ್ನುತ್ತಾರೆ. ಹಿಂದಿನ ಕಾಲಕ್ಕೆ, ಸ್ವಂತ ರಕ್ತದವರಿಗೆ, ಜೀವಮಾನದಲ್ಲಿ ಒಂದೇ ಸಲ ಕಳಿಸಬಹುದಾದ ಪತ್ರ. ಎಲ್ಲರೂ ಮದುವೆಗೋ ನಾಮಕರಣಕ್ಕೋ ಹಿರಿಯರ ಆಶೀರ್ವಾದ ಕೇಳಲು ಇದನ್ನು ಬಳಸುತ್ತಾರೆ. ನಾನು ನಿಮ್ಮ ಜೊತೆ ಜಗಳ ಆಡಲು ಬಳಸುತ್ತಿದ್ದೇನೆ.

ನಿಮ್ಮ ಸಭೆಗಳಲ್ಲಿ ಕುರ್ಚಿಗಳು ಹಾರುತ್ತಿದ್ದವಂತೆ. ಒಬ್ಬ ಮುದುಕಿ ನಲ್ಲಿಯ ಕೊಳಕು ನೀರನ್ನು ತಂದು ನಿಮ್ಮ ಮೇಜಿನ ಮೇಲೆ ಸುರಿದಳಂತೆ. ಆ ಅವಮಾನ ತಾಳದೆ ನೀವು ಜನನಾಯಕರಿಗೆ ಮಾತಿನ ತರಬೇತಿ ಕೊಡುವ ಶಿಬಿರಕ್ಕೆ ಹೋಗಿಬಂದಿರಿ. ಅಲ್ಲಿ ಹೇಳಿಕೊಟ್ಟದ್ದು ಒಳ್ಳೆಯದೇ. ತಪ್ಪು ತೋರಿಸುವವನು ಮೊದಲು ಒಂದು ಒಳ್ಳೆಯ ಮಾತು ಹೇಳಬೇಕು, ಕೇಳಿಸಿಕೊಂಡವನು ಧನ್ಯವಾದ ಹೇಳಬೇಕು, ಆಮೇಲೆ ಎದ್ದು ಹೋಗಿ ನೋಡಬೇಕು. ನೀವು ಮೊದಲಿನ ಎರಡನ್ನು ಊರಿಗೆ ತಂದಿರಿ. ಮೂರನೆಯದು ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು. ಮುಂದಿನ ಸಭೆಯಲ್ಲಿ ಬಾಗಿಲಲ್ಲೇ ಎಲ್ಲರ ಬಾಯಿಗೆ ಬೆಲ್ಲ ಹಾಕಿಸಿದಿರಿ, ದೂರು ಹೇಳಿದವರಿಗೆಲ್ಲ ಚಪ್ಪಾಳೆ ತಟ್ಟಿಸಿದಿರಿ. ಜಗಳ ನಿಂತಿತು. ಅಯ್ಯೋ ಅಜ್ಜ, ಎಷ್ಟು ಚೆನ್ನಾಗಿ ನಿಂತಿತು!

ನಮ್ಮ ಊರು ನೋಡಲು ಚಂದವಿದೆ, ಸುಳ್ಳು ಹೇಳುವುದಿಲ್ಲ. ಬಿಸಿಲು ಹೆಚ್ಚಾದ ಮೇಲೆ ಬೀದಿಗಳಿಗೆಲ್ಲ ಚಾವಣಿ ಬಂತು, ಅವನ್ನು ನೆರಳೋಣಿ ಅನ್ನುತ್ತೇವೆ. ಪ್ರತಿ ನೆರಳೋಣಿಯ ತುದಿಗೆ ದೂರು ಕೇಳಲೆಂದು ನಿಲ್ಲಿಸಿದ ಒಂದು ಕಿವಿಗಂಬವಿದೆ. ಅದರ ಹತ್ತಿರ ನಿಂತು ನೀರು ಬಂದಿಲ್ಲ ಎಂದರೆ, ಎಳೆಮಗುವಿನ ದನಿಯಲ್ಲಿ ಧನ್ಯವಾದ ಹೇಳಿ ಸುಮ್ಮನಾಗುತ್ತದೆ. ನೀರು ಬರುವುದಿಲ್ಲ. ಹೆಂಗಸರು ಕೊಡ ಹಿಡಿದು ಕೆರೆಗೆ ಹೋಗುತ್ತಾರೆ, ಹೋಗುವಾಗ ಕಂಬಕ್ಕೆ ಕೈಮುಗಿಯುತ್ತಾರೆ. ವಾರಕ್ಕೊಮ್ಮೆ ಬೆಲ್ಲದ ಸಭೆ ಸೇರುತ್ತದೆ. ಮಾತಾಡುವವರ ನಾಲಿಗೆಯ ಮೇಲೆ ಬೆಲ್ಲದ ಚೂರಿಡುತ್ತಾರೆ, ಅದು ಕರಗುವುದರೊಳಗೆ ಮಾತು ಮುಗಿಯಬೇಕು. ಮೊದಲು ಅಧ್ಯಕ್ಷರ ಹೊಗಳಿಕೆ, ಆಮೇಲೆ ಸದಸ್ಯರದು, ಉಳಿದರೆ ದೂರು. ಯಾರಿಗೂ ಉಳಿಯುವುದಿಲ್ಲ. ಚಪ್ಪಾಳೆ ಬಿತ್ತೆಂದರೆ ಕೆಲಸ ಆಯಿತು ಎಂದೇ ನಮ್ಮ ಜನರ ನಂಬಿಕೆ, ಅದನ್ನು ನಟನೆ ಅಂದುಕೊಳ್ಳಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಅನ್ನುವ ಗಾದೆ ನಿಮ್ಮ ಕಾಲದ್ದಂತೆ. ಒದ್ದಿದ್ದರೂ ಚೆನ್ನಾಗಿತ್ತು. ಒದೆಯಬೇಕಾದರೆ ಕೇಳಿಸಿಕೊಂಡಿರಬೇಕಲ್ಲ!

ಈಗ ನನ್ನ ತಂಗಿ ನೀಲವ್ವನ ವಿಷಯ. ಅವಳ ಮನೆ ಕೆರೆಯ ಏರಿಯ ಕೆಳಗಿನ ಓಣಿಯಲ್ಲಿದೆ, ನನ್ನದು ಮೇಲಿನ ದಿಬ್ಬದಲ್ಲಿ. ಏರಿಯ ಬುಡದಲ್ಲಿ ಯಾವಾಗಲೂ ಒಂದಿಷ್ಟು ನೀರು ಜಿನುಗುತ್ತದೆ. ಅದು ತಿಳಿಯಾಗಿರುವ ತನಕ ಭಯವಿಲ್ಲ, ಕೆಂಪಾಯಿತೆಂದರೆ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ. ಈ ಶ್ರಾವಣದಲ್ಲಿ ಕೆರೆ ತುಂಬಿತು, ನೀರು ಕೆಂಪಾಯಿತು. ನೀಲವ್ವ ಸಭೆಗೆ ಹೋದಳು. ಬೆಲ್ಲ ಬಾಯಲ್ಲಿಟ್ಟುಕೊಂಡು ಏರಿಯ ಮೇಲಿನ ದೀಪ ಚಂದ ಅಂದಳು, ಹೂಗಿಡ ಚಂದ ಅಂದಳು, ಅಧ್ಯಕ್ಷರ ಮನಸ್ಸು ಚಂದ ಅಂದಳು. ಅಷ್ಟರಲ್ಲಿ ಬೆಲ್ಲ ಕರಗಿತು, ಚಪ್ಪಾಳೆ ಬಿತ್ತು.

ಮುಂದಿನ ಸಭೆಗೆ ಅವಳು ಬೆಲ್ಲವನ್ನು ಉಗುಳಿ ನಿಂತಳು. "ಏರಿ ಒಡೀತೈತ್ರಿ! ನೀರು ಕೆಂಪಾಗೈತಿ, ಒಬ್ಬರರ ಬಂದು ನೋಡ್ರಿ!" ಎಂದು ಕೂಗಿದಳು. ಅಧ್ಯಕ್ಷ ಮಹಾರುದ್ರಪ್ಪ ಕೆಟ್ಟವನಲ್ಲ. ಯಾರಿಂದಲೂ ಒಂದು ಬಿರುಸು ಮಾತು ಕೇಳದೆ ಬೆಳೆದ ಮನುಷ್ಯ ಅವನು. ಅವಳ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡ. "ಭಾಳ ಛಲೋ ಹೇಳಿದಿ ತಂಗಿ. ನಿನ್ನಂಥಾಕಿಯಿಂದನ ಊರು ನಡಿಯೂದು" ಅಂದ. ಆಮೇಲೆ ಪಕ್ಕದವರಿಗೆ, ಪಾಪ, ಹುಡುಗಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ, ಒಂದು ಅಚ್ಚು ಬೆಲ್ಲ ಕೊಟ್ಟು ಮನೆಗೆ ಕಳಿಸಿದ. ಆ ಬೆಲ್ಲ ನನ್ನ ಅಡಿಗೆಮನೆಯಲ್ಲಿದೆ. ಅವಳು ತಂದಿಟ್ಟದ್ದು, ಇರುವೆಗಳಿಗೆ ಬಿಟ್ಟಿದ್ದೇನೆ.

ಇವತ್ತು ಮಧ್ಯಾಹ್ನ ಜಿನುಗು ಹೋಗಿ ಹಳ್ಳದಂತೆ ಹರಿಯತೊಡಗಿತು. ನೀಲವ್ವ ಮಗಳನ್ನು ಎತ್ತಿಕೊಂಡು ದಿಬ್ಬ ಹತ್ತಿ ಬಂದು ನನ್ನ ಮಡಿಲಿಗೆ ಹಾಕಿ, ನಾನು ಸೆರಗು ಹಿಡಿದು ಎಳೆದರೂ ಕೇಳದೆ ಓಣಿಯವರನ್ನು ಹೊರಡಿಸಲು ತಿರುಗಿ ಓಡಿದಳು. ಮಗು ಕುತ್ತಿಗೆ ತಬ್ಬಿಕೊಂಡಿದೆ, ನನಗೆ ಇಳಿಯಲಾಗುತ್ತಿಲ್ಲ. ಅದಕ್ಕೇ ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದರಲ್ಲಿ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ಸಿಟ್ಟೂ ಇದೆ, ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ ಅನ್ನುವ ಅಳುವೂ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ನಾಳೆ ನಿಮ್ಮ ಸಭೆಯಲ್ಲಿ ಯಾರಾದರೂ ಎದ್ದು, ಬಾಯಿಗೆ ಬಂದ ಹಾಗೆ ಬೈದು, ನೀವು ಮಾಡಿದ್ದು ತಪ್ಪು ಎಂದರೆ ಅವರಿಗೆ ಬೆಲ್ಲ ಕೊಡಬೇಡಿ, ಚಪ್ಪಾಳೆ ತಟ್ಟಿಸಬೇಡಿ. ಎಲ್ಲಿ, ತೋರಿಸು ನಡಿ ಅನ್ನಿ. ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಹೋಗಿ. ನೋಡಿದ ಮೇಲೆ ಏನು ಮಾಡಿದಿರಿ ಎಂದು ತಿರುಗಿ ಬಂದು ಅವರಿಗೇ ಹೇಳಿ. ಬೈಸಿಕೊಂಡರೆ ಮೈಗೆ ತೂತು ಬೀಳುವುದಿಲ್ಲ ಅಜ್ಜ. ನೀರು ಸುರಿದ ಆ ಮುದುಕಿ ಇನ್ನೂ ಬದುಕಿದ್ದರೆ ಮೊದಲು ಅವಳ ಮನೆಗೆ ಹೋಗಿ.

ಕಿಟಕಿಯಿಂದ ಕೆಳಗಿನ ಓಣಿ ಕಾಣುತ್ತಿದೆ. ನೀಲವ್ವ ಒಂದೊಂದೇ ಬಾಗಿಲು ಬಡಿದು, ಎದ್ದು ಹೊರಗೆ ಬರ್ರಿ ಎಂದು ಕೂಗುತ್ತಿದ್ದಾಳೆ. ಜನ ಬಾಗಿಲು ತೆರೆಯುತ್ತಿದ್ದಾರೆ. ಹೊಸ್ತಿಲ ಮೇಲೆ ನಿಂತು, ನಗುತ್ತ, ಅವಳಿಗೆ ಚಪ್ಪಾಳೆ ತಟ್ಟುತ್ತಿದ್ದಾರೆ.