ನಿಮ್ಮ ಮಾಡೆಲ್‌ನಲ್ಲಿ ಸುರಿದ ಮಳೆ

ಸರ್,

ಪೂಜ್ಯ ಗುರುಗಳಿಗೆ ಎಂದು ಶುರು ಮಾಡಲು ಕೈ ಏಳಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ನಿಮ್ಮ ಬಗ್ಗೆ ಆಡುತ್ತಿಲ್ಲ, ನಿಮಗೇ ಹೇಳುತ್ತಿದ್ದೇನೆ. ಬದುಕಿದ್ದಾಗ ನನ್ನ ಒಂದು ಮಾತನ್ನಾದರೂ ಪೂರ್ತಿ ಕೇಳಿಸಿಕೊಂಡಿದ್ದಿರಾ?

ದಾವಣಗೆರೆಯಿಂದ ಮೆಲ್ಬರ್ನ್‌ಗೆ ಬಂದಿಳಿದಾಗ ಏರ್‌ಪೋರ್ಟಿಗೆ ನೀವೇ ಬಂದಿದ್ದಿರಿ. "ಪಿಎಚ್‌ಡಿ ಅಂತ ಹೆದರ್ಕೋಬೇಡ ಕಣಮ್ಮಾ, ನಾನಿದ್ದೀನಿ" ಅಂದಿರಿ. ಗ್ಲೆನ್ ವೇವರ್ಲಿಯ ನಿಮ್ಮ ಮನೆಯಲ್ಲಿ ಆಂಟಿ ಬಿಸಿಬೇಳೆಬಾತ್ ಬಡಿಸಿದರು. ತಿನ್ನುತ್ತಲೇ ನೀವು ನಿಮ್ಮ ಮಾಡೆಲ್ ವಿವರಿಸಿದಿರಿ. ಇಡೀ ಭೂಮಿಯ ಗಾಳಿಯನ್ನು ಕಂಪ್ಯೂಟರಿನೊಳಗೆ ಬೀಸಿಸುವುದು, ಅದರಲ್ಲಿ ಹೊಗೆ, ದೂಳು ಬಿಡುವುದು, ಅವು ಎಷ್ಟು ದಿನ ತೇಲಿ ಎಲ್ಲಿ ಮಳೆಯೊಡನೆ ಇಳಿಯುತ್ತವೆ ಎಂದು ನೋಡುವುದು. ಮಳೆ ತೊಳೆಯುವ ಭಾಗ ಪೂರ್ತಿ ನೀವೇ ಬರೆದದ್ದು. ಅವತ್ತು ನೀವು ನನಗೆ ದೇವರ ಹಾಗೆ ಕಂಡಿರಿ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ತೊಳೆಯುವ ಭಾಗ ಸರಿಯಿದೆಯೇ ಎಂದು ಪರೀಕ್ಷಿಸಲು ನೀವು ನನಗೆ ಕೊಟ್ಟದ್ದು ಸೀಸದ ಕೆಲಸ. ನೆಲದಿಂದ ಸೋರುವ ರೇಡಾನ್ ಅನಿಲ ಗಾಳಿಯಲ್ಲೇ ಸೀಸವಾಗಿ, ಸಣ್ಣ ದೂಳಿಗೆ ಅಂಟಿಕೊಂಡು, ಹೆಚ್ಚಾಗಿ ಮಳೆಯ ಜೊತೆ ಇಳಿಯುತ್ತದೆ. ನಿಮ್ಮ ಪದ್ಧತಿ ಒಂದೇ: ವರ್ಷವಿಡೀ ಭೂಮಿಗೆ ಬಿದ್ದ ಸೀಸವನ್ನೆಲ್ಲ ಕೂಡಿಸಿ, ಹುಟ್ಟಿದ ಸೀಸಕ್ಕೆ ಹೋಲಿಸುವುದು. ಕೂದಲೆಳೆಯಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ. ಹೇಗೆ ಬಂದೀತು ಸರ್? ಮೇಲೆ ಹೋದದ್ದು ಇವತ್ತಲ್ಲ ನಾಳೆ ಕೆಳಗೆ ಬರಲೇಬೇಕು. ಕೊಡದ ನೀರನ್ನು ಗಿಡಕ್ಕೆ ಹಾಕಿದರೂ ಖಾಲಿ, ಅಂಗಳಕ್ಕೆ ಚೆಲ್ಲಿದರೂ ಖಾಲಿ. ಖಾಲಿ ಕೊಡ ನೋಡಿ ಗಿಡಕ್ಕೆ ನೀರು ಸಿಕ್ಕಿತು ಅನ್ನುತ್ತೀರಾ? ಅದನ್ನೇ ಊರೂರು ತಿರುಗಿ ಭಾಷಣದಲ್ಲಿ ಅಂದಿರಿ, ಚಪ್ಪಾಳೆ ತಟ್ಟಿಸಿಕೊಂಡಿರಿ.

ನಾನು ನೆಲಕ್ಕೆ ಬಿದ್ದದ್ದನ್ನು ಬಿಟ್ಟು ಗಾಳಿಯಲ್ಲಿ ಉಳಿದದ್ದನ್ನು ನೋಡಿದೆ. ದೂರದ ದ್ವೀಪಗಳಲ್ಲಿ, ದಕ್ಷಿಣದ ಹಿಮದ ಅಂಚಿನಲ್ಲಿ ಜನ ಅಳೆದ ಸೀಸ ನಿಮ್ಮ ಮಾಡೆಲ್‌ನಲ್ಲಿ ಇರಲೇ ಇಲ್ಲ ಅನ್ನಬಹುದು. ನಿಮ್ಮ ಮಾಡೆಲ್ಲಿನೊಳಗೆ ದಿನಾ ಎಲ್ಲೆಂದರಲ್ಲಿ ಜಿಟಿಜಿಟಿ ಮಳೆ. ಸಮುದ್ರ ದಾಟುವ ಮೊದಲೇ ಎಲ್ಲ ತೊಳೆದುಹೋಗುತ್ತಿತ್ತು. ಮೊದಲು ನಿಮ್ಮ ರೂಮಿಗೇ ಬಂದು ಹೇಳಿದೆ.

"ಸರ್, ಟೋಟಲ್ ಸರಿ ಐತ್ರಿ. ಆದ್ರ ಟೋಟಲ್ ಯಾವಾಗ್ಲೂ ಸರೀನೇ ಇರ್ತತಲ್ರಿ."

ನೀವು ಗ್ರಾಫ್ ಕಡೆ ತಿರುಗಲೂ ಇಲ್ಲ. "ಹಾಗಾದ್ರೆ ಅಳತೆ ತಪ್ಪಿರುತ್ತೆ" ಅಂದಿರಿ. ಸಮುದ್ರದ ನಡುವೆ ಕೂತು ಅಳೆದವರು ತಪ್ಪು, ಏಸಿ ರೂಮಿನ ಮಳೆ ಸರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮಾತು ನಿಮ್ಮಂಥವರಿಗಾಗಿಯೇ ಹುಟ್ಟಿದ್ದಿರಬೇಕು.

ಸೆಮಿನಾರಿನ ದಿನ ಅದೇ ಗ್ರಾಫನ್ನು ಎಲ್ಲರಿಗೂ ತೋರಿಸಿದೆ. ನೀವು ಎದ್ದು ನಿಂತು ನಗುತ್ತಾ, ಇವಳು ಬಯಲುಸೀಮೆಯವಳು, ಇವಳಿಗೆ ಮಳೆ ಅಂದರೇನೆಂದೇ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಿರಿ. ಇಡೀ ರೂಮು ನಕ್ಕಿತು. ಆಮೇಲೆ ಕಾರಿಡಾರಿನಲ್ಲಿ ಕನ್ನಡಕ್ಕೆ ಇಳಿದಿರಿ.

"ನನ್ನ ಮನೇಲಿ ಅನ್ನ ತಿಂದು ನನಗೇ ಬತ್ತಿ ಇಡ್ತೀಯಾ?"

ಒಂದು ತಟ್ಟೆ ಬಿಸಿಬೇಳೆಬಾತಿಗೆ ನಾನು ಎಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕಿತ್ತು ಸರ್? ಅದನ್ನೂ ಬಡಿಸಿದ್ದು ಆಂಟಿ.

ಆ ವರ್ಷದ ರಿವ್ಯೂನಲ್ಲಿ ನನ್ನ ಪ್ರಗತಿ ತೃಪ್ತಿಕರವಾಗಿಲ್ಲ ಎಂದಿರಿ. ಸ್ಕಾಲರ್‌ಶಿಪ್ ನಿಂತಿತು, ಅದರ ಹಿಂದೆಯೇ ಸ್ಟೂಡೆಂಟ್ ವೀಸಾ. ನಿಮಗೆ ಗೊತ್ತಿರಲಿಲ್ಲವೇ ನಿಮ್ಮ ಆ ಸಾಲಿಗೆ ನನ್ನ ಇಡೀ ಬದುಕು ನೇತುಬಿದ್ದಿದೆ ಎಂದು? ಸಿಡ್ನಿಗೆ ಹೋಗಿ ಗೆಳತಿಯ ಫ್ಲ್ಯಾಟಿನ ಹಾಲ್‌ನಲ್ಲಿ ಮಲಗಿದೆ. ಮ್ಯಾಕ್ವೆರಿ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು, ಅವರೇ ವೀಸಾ ಸ್ಪಾನ್ಸರ್ ಮಾಡಿದರು, ಮುಂದೆ ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿತು. ಊರಲ್ಲಿ ಅಪ್ಪ ಮಾತ್ರ ಎಲ್ಲರಿಗೂ ಮಗಳು ಡಾಕ್ಟರಾಗುತ್ತಾಳೆ ಎಂದು ಹೇಳಿಕೊಂಡು... ಬಿಡಿ. ಅದನ್ನು ನಿಮಗೆ ಹೇಳಿ ಏನು ಪ್ರಯೋಜನ?

ನೀವು ಹೋದ ಸುದ್ದಿ ಬಂದಾಗ ಆಫೀಸಿನ ಬಸ್ಸಿಗೆ ಕಾಯುತ್ತಿದ್ದೆ. ಅಳು ಬರಲಿಲ್ಲ, ಸಿಟ್ಟು ಬಂತು. ಇನ್ನು ಯಾರ ಮುಂದೆ ಸರಿ ಅನ್ನಿಸಿಕೊಳ್ಳಲಿ?

ನಿಮಗೆ ಗೊತ್ತಿಲ್ಲದ್ದು ಇಲ್ಲಿಂದ ಮುಂದೆ. ನಿಮ್ಮ ಜಾಗಕ್ಕೆ ಬಂದ ಹೆಂಗಸು ಹಳೆಯ ಫೈಲುಗಳಲ್ಲಿ ನನ್ನ ಗ್ರಾಫ್ ನೋಡಿ ಫೋನ್ ಮಾಡಿದಳು. "ಇದನ್ನು ಯಾಕೆ ನಿಲ್ಲಿಸಿದೆ?" ಎಂದು ಕೇಳಿದಳು. ವೀಕೆಂಡುಗಳಲ್ಲಿ ಕೂತು ಮುಗಿಸಿದೆ. ಬೇರೆ ದೇಶಗಳ ಮಾಡೆಲ್‌ಗಳನ್ನೂ ಅದೇ ಪರೀಕ್ಷೆಗೆ ಹಾಕಿದೆವು. ಕೆಲವು ಪಾಸಾದವು. ನಿಮ್ಮದು ಆಗಲಿಲ್ಲ. ಪೇಪರ್ ಬರೆದೆವು.

ಅದರ ಸುದ್ದಿ ಕೇಳಿ ಆಂಟಿ ಫೋನ್ ಮಾಡಿದರು. "ಅವರ ಹೆಸರನ್ನೂ ಸೇರಿಸಮ್ಮ. ತೀರಿಕೊಂಡವರ ಹೆಸರಿನ ಪಕ್ಕ ಏನೋ ಒಂದು ಗುರುತು ಹಾಕ್ತಾರಂತಲ್ಲ, ಹಾಗೆ. ಎಷ್ಟಾದ್ರೂ ಮಾಡೆಲ್ ಅವರದ್ದೇ ಅಲ್ವಾ? ದೊಡ್ಡ ಮನಸ್ಸು ಮಾಡು." ಹೌದು, ವಿಜ್ಞಾನಿಗಳಲ್ಲಿ ಆ ರೂಢಿ ಇದೆ. ಬದುಕಿದ್ದಾಗ ಜೊತೆಗೆ ದುಡಿದವರಿಗೆ ಸತ್ತ ಮೇಲೂ ಲೇಖಕರ ಸಾಲಿನಲ್ಲಿ ಜಾಗ ಕೊಡುತ್ತಾರೆ. ನಿಮ್ಮ ಹಳೆಯ ಶಿಷ್ಯರೂ ಅದನ್ನೇ ಕೇಳಿದರು. ಎಲ್ಲರಿಗೂ ಒಳ್ಳೆಯದು, ಯಾಕೆ ಮಾಡಬಾರದು? ಆಂಟಿಗೋಸ್ಕರ ಒಮ್ಮೆ ನಿಮ್ಮ ಹೆಸರು ಟೈಪ್ ಕೂಡ ಮಾಡಿದೆ. ಓದಿದರೆ, ಈ ತಪ್ಪನ್ನು ನೀವೇ ಕಂಡುಹಿಡಿದು ತಿದ್ದಿದ ಹಾಗಿತ್ತು.

ಅಳಿಸಿದೆ. "ಆಂಟಿ, ಆಗಲ್ಲ" ಅಂದೆ. ಅವರು ಫೋನ್ ಇಟ್ಟರು, ಮತ್ತೆ ಮಾಡಿಲ್ಲ. ಅದು ನನಗೆ ನೋವೇ.

ಹೋದ ವಾರ ಪೇಪರ್ ಒಪ್ಪಿಗೆಯಾಯಿತು. ಮಾಡೆಲ್ ಬರೆದವರು ನೀವು ಎಂದು ಒಳಗೆ ಸ್ಪಷ್ಟವಾಗಿ ಹೇಳಿದ್ದೇನೆ. ಅದು ನಿಮ್ಮದು, ನಾನು ಕಿತ್ತುಕೊಂಡಿಲ್ಲ. ಆದರೆ ಸಾಯುವವರೆಗೂ ನೀವು ತಪ್ಪು ಅಂದ ಮಾತನ್ನು ಸತ್ತ ಮೇಲೆ ನಿಮ್ಮ ಬಾಯಿಂದ ಸರಿ ಎಂದು ನಾನು ಹೇಳಿಸುವುದಿಲ್ಲ. ಒಪ್ಪಿಕೊಳ್ಳಬೇಕಿದ್ದರೆ ಬದುಕಿರಬೇಕಿತ್ತು ಸರ್.