ಎರಡನೇ ಡಿಕಾಕ್ಷನ್

ಶ್ರೀರಾಂಪುರ, ಮೈಸೂರು
೬ ಫೆಬ್ರವರಿ ೨೦೨೫

ಪ್ರೀತಿಯ ವಿಭಾ,

ನಿಮ್ಮ ಮನೆಯಲ್ಲಿ ಹನ್ನೊಂದು ವರ್ಷ ಪಾತ್ರೆ ತೊಳೆದ ನನ್ನ ಅವ್ವನಿಗೆ ನೀವು ಕೊಟ್ಟಿದ್ದು ಎರಡನೇ ಡಿಕಾಕ್ಷನ್. ನೀವೆಲ್ಲ ಕುಡಿದ ಮೇಲೆ ಅದೇ ಪುಡಿಗೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ್ದು. ಅದು ತಪ್ಪು.

ಈಗ ಕ್ಷೇಮಸಮಾಚಾರ. ನನ್ನ ಹುಟ್ಟುಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಎರಡು ತಿಂಗಳು ತಡವಾಗಿ ಉತ್ತರಿಸುತ್ತಿದ್ದೇನೆ, ಬೈದುಕೋ. ಫೋನಿನಲ್ಲಾದರೆ ನೀನು ನಗಿಸಿ ಮಾತು ಮರೆಸುತ್ತೀಯ. ಅವ್ವ ಕೆಲಸ ಬಿಟ್ಟು ಆರಾಮಾಗಿದ್ದಾಳೆ. ನಾನು ಕಾಫಿ ಹುರಿಯಲು ಹಿಡಿದಿದ್ದೇನೆ. ‘ಒಳ್ಳೆಯ ಕಾಫಿ ಎಲ್ಲರ ಹಕ್ಕು’ ಎಂಬ ಕರಪತ್ರ ಓದಿದ ದಿನವೇ ಮನೆಯಲ್ಲಿ ಚಿಕೋರಿಗೆ ಬಹಿಷ್ಕಾರ ಹಾಕಿದೆ. ಅವ್ವನಿಗೆ ಒಮ್ಮೆಯಾದರೂ ಮೊದಲ ದರ್ಜೆಯ ಕಾಫಿ ಕುಡಿಸಬೇಕು, ಅಷ್ಟೇ ಛಲ.

ಮೊದಲ ಸಲ ಬರೀ ರೋಬಸ್ಟಾ ಬೀಜ ತಂದು ಕಪ್ಪಗಾಗುವ ತನಕ ಹುರಿದೆ. ಮೇಲ್ಮನೆಯ ಕಾಳಯ್ಯನವರು ಇಳಿದು ಬಂದು, “ಏನವ್ವಾ, ಟೈರ್ ಸುಡ್ತಾ ಇದೀಯಾ?” ಎಂದರು. ಎರಡನೇ ಸಲ ಬರೀ ಅರೇಬಿಕಾ. ಕರಪತ್ರ ಹೇಳಿದಂತೆ ಗೋಧಿಬಣ್ಣಕ್ಕೇ ಇಳಿಸಿದೆ. ಅವ್ವ ಒಂದು ಗುಟುಕಿಗೇ ಮುಖ ಕಿವುಚಿ, “ಹುಣ್ಸೆಹಣ್ಣು ಹಿಂಡಿದ್ದೀಯೇನೇ?” ಎಂದಳು. ಕರಪತ್ರಕ್ಕೆ ನಾಲಿಗೆಯಿಲ್ಲ ಎಂದು ಅಂದು ತಿಳಿಯಿತು.

ಮೂರನೇ ಸಲ ಮೂರು ಪಾಲು ಅರೇಬಿಕಾ, ಒಂದು ಪಾಲು ರೋಬಸ್ಟಾ, ಬೇರೆ ಬೇರೆಯಾಗಿ ಹುರಿದೆ. ಬೀಜ ಚಟಪಟ ಸಿಡಿದು ನಿಂತ ಮೇಲೆ, ಎಣ್ಣೆ ಒಸರುವ ಮುಂಚೆ, ಮೊರಕ್ಕೆ ಸುರಿದು ಆರಿಸಿದೆ. ಬೀದಿಯೆಲ್ಲ ಘಮ ಕಣೇ. ಕಾಳಯ್ಯನವರು ಈ ಸಲ ಲೋಟ ಹಿಡಿದೇ ಬಂದರು.

ಅವ್ವ ಪೂರ್ತಿ ಕುಡಿದಳು. “ಚೆಂದಾಗೈತೆ ಕಣವ್ವ. ಆದ್ರೆ ಕಾಫಿ ಥರ ಇಲ್ಲ” ಎಂದವಳೇ ಎದ್ದು ಹೋಗಿ, ಫಿಲ್ಟರಿನಲ್ಲಿ ಉಳಿದ ಪುಡಿಗೆ ಬಿಸಿನೀರು ಹೊಯ್ದಳು. ಇಳಿದ ತೆಳು ನೀರಿಗೆ ಹಾಲು ಬೆರೆಸಿ ಕುಡಿದು, “ಇದು ನೋಡು ಕಾಫಿ. ರಮಾಮಣಮ್ಮೋರ ಮನೇಲಿ ಇಂಗೇ ಇರ್ತಿತ್ತು” ಎಂದು ನಿನ್ನ ಅಮ್ಮನನ್ನು ನೆನೆದಳು.

ನಾನು ಭಾಷಣಕ್ಕೆ ಬಾಯಿ ತೆರೆದೆ. “ಸುಮ್ನಿರು, ನೀನೂ ಒಂದ್ಗುಟುಕು ಕುಡಿ” ಎಂದು ತನ್ನ ಲೋಟವನ್ನೇ ಕೈಗಿಟ್ಟಳು. ಆ ರುಚಿ ನನ್ನ ನಾಲಿಗೆಗೆ ಅದೇ ಮೊದಲು.

ನಿನಗೂ ನಿನ್ನ ಅಮ್ಮನಿಗೂ ಒಳ್ಳೆಯದಾಗಲಿ. ಸಿಟ್ಟಿನಲ್ಲಿ ಬರೆದರೂ ಇದನ್ನು ಮನಸಾರೆ ಹೇಳುತ್ತಿದ್ದೇನೆ.

ನಿನ್ನ
ಸಿಂಚನ

ತಾ.ಕ.: ತಪ್ಪನ್ನೆಲ್ಲ ನಿಮ್ಮ ಮನೆಯ ಮೇಲೆ ಹೊರಿಸಿದೆ. ಅದು ಪೂರ್ತಿ ನಿಜವಲ್ಲ. ಶಾಲೆ ಮುಗಿಸಿ ನಿನ್ನ ಜೊತೆ ಓದಲು ಬಂದಾಗ ನಿನ್ನ ಅಮ್ಮ ನನಗೆ ಕೊಡುತ್ತಿದ್ದುದು ಮೊದಲ ಡಿಕಾಕ್ಷನ್. ಆಮೇಲೆ ಅವರು ಫಿಲ್ಟರಿಗೆ ಮತ್ತೆ ನೀರು ಹೊಯ್ಯುವುದೂ, ಆ ಲೋಟ ಹಿತ್ತಲಿಗೆ ಅವ್ವನ ಹತ್ತಿರ ಹೋಗುವುದೂ ನಾನು ಕೂತಲ್ಲಿಗೇ ಕಾಣುತ್ತಿತ್ತು. ಕಂಡೂ ಕುಡಿದೆ. ಒಂದು ದಿನವೂ ಲೋಟ ಬದಲಿಸಲಿಲ್ಲ. ಅವ್ವನಿಗೆ ಇದನ್ನು ಒಬ್ಬಳೇ ಹೇಳುವ ಧೈರ್ಯ ನನಗಿಲ್ಲ, ಪಕ್ಕದಲ್ಲಿ ನೀನಿರಬೇಕು. ಬೀಜ ಹುರಿದಿಟ್ಟಿರುತ್ತೇನೆ. ಫೆಬ್ರವರಿ ಹದಿನಾರು, ಭಾನುವಾರ, ಸಂಜೆ ನಾಲ್ಕು ಗಂಟೆಗೆ, ನಮ್ಮ ಮನೆಗೆ ಬಾ.